ಕೊಳೆತ ಬೀಜದ ಮೂರು ವಾಕ್ಯ

ನಮ್ಮ ಮೇಲ್ವಿಚಾರಕರಿಗೆ ಟೀಚರುಗಳೆಲ್ಲ ಸೇರಿ ಇಟ್ಟ ಹೆಸರು ಮಾದರಿ ಉತ್ತರ. ಬೀಜ ಮೊಳೆಯುವುದನ್ನು ಅವರು ಯಾವ ಕಾಲದಲ್ಲಿ ನೋಡಿದ್ದರೋ, ಆದರೆ ಎರಡನೇ ತರಗತಿಯ ಮಕ್ಕಳು ಅದನ್ನು ನೋಡಿ ಏನೆಂದು ಬರೆಯಬೇಕು ಎಂಬುದು ಅವರ ಫೈಲಿನಲ್ಲಿ ಮೊದಲೇ ಅಚ್ಚಾಗಿತ್ತು. ವಿಜ್ಞಾನವನ್ನೂ ಓದುಬರಹವನ್ನೂ ಒಟ್ಟಿಗೆ ಕಲಿಸಿ ಎಂದು ಎರಡು ದಿನ ನಮ್ಮ ತಲೆ ತಿಂದ ಮಹಾನುಭಾವ ಒಂದೇ ಒಂದು ಬೀಜ ಮುಟ್ಟಲಿಲ್ಲ. ಅಂಗಿಯ ತೋಳಿಗೆ ನೀರು ತಾಗುತ್ತದಲ್ಲ.

ಕಲಿಸುವ ಕ್ರಮವೇನೋ ಒಳ್ಳೆಯದೇ. ಮಗುವಿಗೊಂದು ಗಾಜಿನ ಲೋಟ, ಒದ್ದೆ ಹತ್ತಿ, ಒಂದು ಬೀನ್ಸ್ ಬೀಜ. ದಿನಾ ಬೆಳಿಗ್ಗೆ ನೋಡಬೇಕು, ನೋಡಿದ್ದನ್ನೇ ಬರೆಯಬೇಕು. ಯಾರು ಏನು ಮಾಡಿದರು, ಆಮೇಲೆ ಏನಾಯಿತು, ಎರಡನ್ನೂ ಬರೆಯಿರಿ ಎಂದು ನಾನು ದಿನಕ್ಕೆ ಹತ್ತು ಸಲ ಗಂಟಲು ಹರಿದುಕೊಳ್ಳುತ್ತಿದ್ದೆ.

ಇಸ್ತ್ರಿ ಅಂಗಡಿಯವನ ಮಗಳೊಬ್ಬಳು ಬರೆಯುತ್ತಿರಲಿಲ್ಲ. ಬೋರ್ಡಿನಲ್ಲಿದ್ದುದನ್ನು ನಕಲು ಮಾಡುವಳು, ತಾನಾಗಿ ಒಂದಕ್ಷರ ಇಲ್ಲ. ಲೋಟಕ್ಕೆ ಮೂಗು ತಾಗಿಸಿ ಅರ್ಧ ಗಂಟೆ ನೋಡುವಳು, ಪುಸ್ತಕದಲ್ಲಿ ಬರೀ ತಾರೀಕು. ಅಪ್ಪನ ಅಂಗಡಿಯಲ್ಲಿ ಇಪ್ಪತ್ತು ಬಿಳಿ ಅಂಗಿ ಗುಡ್ಡೆ ಹಾಕಿದರೂ ಯಾವುದು ಯಾರದೆಂದು ಇವಳೇ ಹೇಳುತ್ತಾಳಂತೆ. ಅದಕ್ಕೆ ನಮ್ಮಲ್ಲಿ ಅಂಕವಿಲ್ಲ. ಮುಂದಿನ ಭೇಟಿಯಲ್ಲಿ ತಮ್ಮೆದುರು ತಾನಾಗಿ ಮೂರು ವಾಕ್ಯ ಬರೆಯದಿದ್ದರೆ ಇನ್ನೊಂದು ವರ್ಷ ಎರಡನೇ ತರಗತಿಯಲ್ಲೇ ಕೂರಲಿ ಎಂದು ಮೇಲ್ವಿಚಾರಕರು ತೀರ್ಪು ಕೊಟ್ಟು ಹೋಗಿದ್ದರು.

ಅವರು ಬರುವ ಹಿಂದಿನ ಸಂಜೆ ನೋಡಿದರೆ ಅವಳ ಬೀಜ ಕೊಳೆತು ನಾರುತ್ತಿತ್ತು. ಮಾದರಿ ಉತ್ತರದಲ್ಲಿ ಕೊಳೆಯುವುದಕ್ಕೆ ಜಾಗವಿರಲಿಲ್ಲ. ಹುಡುಗಿಯ ಮೇಲಿನ ಅಕ್ಕರೆ, ಆ ಮನುಷ್ಯನ ಮೇಲಿನ ತಾತ್ಸಾರ, ಎರಡೂ ಸೇರಿ ನನ್ನ ಬುದ್ಧಿಗೆ ಮಂಕು ಕವಿಯಿತು. ಕಪಾಟಿನಲ್ಲಿದ್ದ ಹೆಚ್ಚುವರಿ ಲೋಟದಿಂದ ಬೇರು ಬಿಟ್ಟ ಬೀಜವೊಂದನ್ನು ತೆಗೆದು ಅವಳ ಹತ್ತಿಯ ಮೇಲಿಟ್ಟೆ. ಕೊಳೆತದ್ದು ಕಸದ ಬುಟ್ಟಿಗೆ ಹೋಯಿತು. ಏಳು ವರ್ಷದ ಮಗುವಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ.

ಮರುದಿನ ಅವಳು ಲೋಟ ನೋಡಿದಳು, ಮೂಸಿದಳು, ನನ್ನನ್ನು ನೋಡಿದಳು. ಆಮೇಲೆ ಪೆನ್ಸಿಲ್ ಹಿಡಿದು ಬರೆಯತೊಡಗಿದಳು. ನನ್ನ ಎದೆ ತುಂಬಿ ಬಂತು. ಬರೆದು ಮುಗಿಸಿದ ಮೇಲೆ ಮೇಲ್ವಿಚಾರಕರು ಪುಸ್ತಕವೆತ್ತಿ ಗಟ್ಟಿಯಾಗಿ ಓದಿದರು: "ನಿನ್ನೆ ನನ್ನ ಬೀಜ ಮೆತ್ತಗಿತ್ತು, ವಾಸನೆ ಇತ್ತು. ಇದಕ್ಕೆ ವಾಸನೆ ಇಲ್ಲ. ಇದು ನನ್ನ ಬೀಜ ಅಲ್ಲ."

ಅವರು ಫೈಲು ತಿರುವಿದರು. ಮೂರನೆಯ ವಾಕ್ಯದಲ್ಲಿ ಬೇರು ಬಂದಿರಬೇಕಿತ್ತಂತೆ. ಮಗುವಿಗೆ ನೋಡಲಿಕ್ಕೂ ಬರುವುದಿಲ್ಲ, ಕಟ್ಟುಕಥೆ ಬರೆದಿದೆ ಎನ್ನುತ್ತ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಅವಳು ಬರೆದಿದ್ದು ನಿಜ ಸರ್," ಅಂದೆ.

ಹಾಗಾದರೆ ಅದನ್ನು ಬರೆದು ಸಹಿ ಮಾಡಿ ಕೊಡಿ ಎಂದು ಹಾಳೆ ತಳ್ಳಿದರು. ಸಹಿ ಬಿದ್ದ ಹಾಳೆಗೆ ಎದುರಾಡುವ ಗಂಡಸು ಅವರಲ್ಲ. ಹದಿನೆಂಟು ವರ್ಷದಿಂದ ಬರೆಯಲು ಕಲಿಸುತ್ತಿರುವ ನಾನು ಆ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕೂತು ಬರೆದೆ: 'ಬೀಜ ಕೊಳೆತಿತ್ತು. ಇಂದು ಲೋಟದಲ್ಲಿ ಬೇರೆ ಬೀಜವಿದೆ. ಮಗು ಇದನ್ನು ಸರಿಯಾಗಿ ಗಮನಿಸಿದೆ.' ಫೈಲಿನಲ್ಲಿ ಅಚ್ಚು ಹಾಕಿಸಬಹುದಾದಷ್ಟು ನೀಟಾಗಿತ್ತು.

ಅವಳು ಪಕ್ಕದಲ್ಲಿ ನಿಂತು, ಬೆರಳಿಟ್ಟು, ತಡವರಿಸುತ್ತ ಓದಿದಳು. ಎರಡನೆಯ ವಾಕ್ಯದ ಮೇಲೆ ಬೆರಳು ನಿಂತಿತು.

"ಯಾರು ಹಾಕಿದ್ದು ಅಂತ ಬರೆದೇ ಇಲ್ವಲ್ಲ ಮಿಸ್," ಅಂದಳು.

ಆ ಮನುಷ್ಯನಿಗೆಂದು ಕೂಡಿಟ್ಟಿದ್ದ ತಾತ್ಸಾರವೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಆ ಸಾಲು ಹೊಡೆದುಹಾಕಿ, 'ಲೋಟಕ್ಕೆ ಬೇರೆ ಬೀಜ ನಾನು ಹಾಕಿದೆ' ಎಂದು ಬರೆದು ಸಹಿ ಮಾಡಿದೆ. ಹಾಳೆ ನನ್ನ ಸೇವಾ ಫೈಲು ಸೇರಿತು, ಅವಳು ಮೂರನೇ ತರಗತಿ ಸೇರಿದಳು.