ಗಿರಿಯಮ್ಮನ ಸೀರೆ, ಬೊಮ್ಮಿಯ ಓಟ

ನಮ್ಮ ಸಿನಿಮಾಕ್ಕೆ ಮೊದಲು ಬರೆದ ಕಥೆಯಲ್ಲಿದ್ದದ್ದು ನರಭಕ್ಷಕ ಚಿರತೆ. ಚಿರತೆ ತರುವ ಶಕ್ತಿ ನಮಗಿರಲಿಲ್ಲ. ನಿರ್ದೇಶಕ ಶಶಿಕಿರಣ್ ಅದನ್ನು ಹೊಡೆದುಹಾಕಿ ಎಮ್ಮೆ ಎಂದು ಬರೆದ. ಪ್ರಾಣಿಶಾಸ್ತ್ರ ಓದಿದವಳೆಂದು ಎಮ್ಮೆಯ ಉಸ್ತುವಾರಿ ನನಗೆ ಬಂತು. ಎಮ್ಮೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ಮನುಷ್ಯರನ್ನು ಹೇಗೆ ತಿನ್ನುತ್ತದೆ ಎಂದು ಕೇಳಿದೆ.

"ಹಲ್ಲು ನಾನು ಕಟ್ಟಿಸ್ತೀನಿ. ನೀನು ಓಡಿಸು ಸಾಕು," ಎಂದ.

ಮಾದಿಹಳ್ಳಿಯ ಗಿರಿಯಮ್ಮನ ಎಮ್ಮೆ ಬೊಮ್ಮಿ ಓಡಲಿಲ್ಲ. ನಾಯಕಿ ರಾಣಿ ಕಿರುಚುತ್ತಾ ಗದ್ದೆಬದುವಿನ ಮೇಲೆ ಓಡಿದರೆ ಅದು ಮೆಲುಕು ಹಾಕುತ್ತಾ ಬೇರೆಲ್ಲೋ ನೋಡುತ್ತಿತ್ತು.

"ಆ ಹುಡ್ಗಿ ಯಾರೂಂತ ಅದುಕ್ಕೇನ್ ಗೊತ್ತು?" ಎಂದರು ಗಿರಿಯಮ್ಮ. "ನಾನು ಮಾಲೇಕಲ್ಲು ಜಾತ್ರೆಗೆ ಹೋದಾಗ ನನ್ ಸೊಸೆ ನನ್ ಸೀರೆ ಉಟ್ಕಂಡೇ ಹಾಲು ಕರೆಯೋದು. ಇಲ್ದಿದ್ರೆ ಒದೀತೈತೆ. ಉಡ್ಸಿ ನೋಡ್ರಿ."

ಅವರ ಒಗೆಯದ ಹಸಿರು ಸೀರೆಯೊಂದನ್ನು ರಾಣಿಗೆ ಉಡಿಸಿದೆವು. ಬೊಮ್ಮಿ ತಲೆಯೆತ್ತಿ ಗಾಳಿ ಮೂಸಿತು. ಆಮೇಲೆ ಓಡಿಬಂದ ರಭಸಕ್ಕೆ ರಾಣಿ ನಿಜವಾಗಿಯೇ ಕಿರುಚಿ ಬಿದ್ದಳು. ಬೊಮ್ಮಿ ಅವಳ ಸೆರಗು ನೆಕ್ಕುತ್ತಾ ನಿಂತಿತು. ನೆಕ್ಕಿದ ದೃಶ್ಯವನ್ನು ಶಶಿಕಿರಣ್ ಕತ್ತರಿಸಿದ.

ಮಧ್ಯಾಹ್ನ ಗಿರಿಯಮ್ಮನ ಜಗಲಿಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಓಟದ ವೇಗ ಹೆಚ್ಚಿಸಿ, ಕಣ್ಣಿಗೆ ಕೆಂಪು ಹಚ್ಚಿ, ಹುಲಿಯ ಗರ್ಜನೆ ಸೇರಿಸಿದ. ಗಿರಿಯಮ್ಮ ಹಿಂದೆ ನಿಂತು ನೋಡಿದರು. ಓಡುವವಳ ಮುಖ ಕಾಣುತ್ತಿರಲಿಲ್ಲ, ಸೀರೆ ಮಾತ್ರ.

"ಅದು ನಾನು ಕಣವ್ವ."

"ಅಲ್ಲ ಗಿರಿಯಮ್ಮ, ರಾಣಿ. ಸೀರೆ ನೀವೇ ಕೊಟ್ರಲ್ಲ."

"ಗೊತ್ತು. ಎಮ್ಮೆ?"

"ನಿಮ್ಮ ಬೊಮ್ಮೀನೇ."

"ಅದೂ ಗೊತ್ತು," ಎಂದರು. ಗೊತ್ತಿದ್ದೂ ಅವರ ಮುಖ ತಿಳಿಯಾಗಲಿಲ್ಲ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಾಯಿತು. ಬಕೆಟ್ ಹಿಡಿದು ಬಂದ ಗಿರಿಯಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತರು. ಅವರನ್ನು ಕಂಡು ಬೊಮ್ಮಿ ಹಗ್ಗ ಜಗ್ಗಿತು. ಅವರು ಹಿಂದೆ ಸರಿದರು.

"ದಿನಾ ನನ್ನ ಕಂಡ್ರೆ ಹಿಂಗೇ ಮಾಡ್ತಿತ್ತಾ?"

"ಹೀಗೇ ಮಾಡ್ತಿರ್ಬೇಕು. ಪ್ರೀತಿಗೆ," ಎಂದೆ.

"ಪ್ರೀತಿಗೆ ಬಂದ್ರೂ ಕೊಲ್ಲಾಕೆ ಬಂದ್ರೂ ಒಂದೇ ಥರ ಕಾಣ್ತೈತಲ್ಲ."

ನಾನು ವಿವರಿಸಿದೆ. ಪರಿಚಿತ ವಾಸನೆ ಬಂದರೆ ಮಿದುಳಿನಿಂದ ಹಾರ್ಮೋನು ಹೊರಟು ಹಾಲು ಇಳಿಯುತ್ತದೆ, ಅದರಲ್ಲಿ ಕೋಪವಿಲ್ಲ ಎಂದೆ. ಗಿರಿಯಮ್ಮ ಪೂರ್ತಿ ಕೇಳಿ ಬಕೆಟ್ ನನ್ನ ಕೈಗಿಟ್ಟರು. "ಹಂಗಾದ್ರೆ ನೀನೇ ಕರಿ. ಸೀರೆ ತಂತಿ ಮೇಲೈತೆ."

ಚಿತ್ರೀಕರಣಕ್ಕೆಂದು ಬಳಿದ ಬಣ್ಣದ ರಕ್ತ ಅಂಟಿದ್ದ ಸೀರೆಯನ್ನು ಚೂಡಿದಾರದ ಮೇಲೆ ಸುತ್ತಿಕೊಂಡೆ. ಬೊಮ್ಮಿ ತಲೆ ತಗ್ಗಿಸಿ ಉಸಿರುಬಿಟ್ಟಿತು. ನೆಕ್ಕುತ್ತದೆ, ಅಷ್ಟೇ. ಆದರೂ ನನ್ನ ಕಾಲು ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಅದರ ಕೆಚ್ಚಲಿನಿಂದ ಹಾಲು ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಸೋರ್ತಾ ಐತೆ," ಎನ್ನುತ್ತಾ ಗಿರಿಯಮ್ಮ ಬಕೆಟ್ ಕಿತ್ತುಕೊಂಡು ಒಳಗೆ ನಡೆದರು. ಕೂರುವ ಮೊದಲು ಗೂಟದ ಮೇಲಿದ್ದ ಹಗ್ಗ ತೆಗೆದು ಬೊಮ್ಮಿಯ ಹಿಂಗಾಲುಗಳನ್ನು ಕಟ್ಟಿದರು. ಇದುವರೆಗೆ ಅವರು ಅದರ ಕಾಲು ಕಟ್ಟಿದ್ದೇ ಇಲ್ಲವಂತೆ.

ಬೊಮ್ಮಿ ತಿರುಗಿ ಹಗ್ಗವನ್ನು ನೋಡಿತು. ಅವರನ್ನು ನೋಡಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಮೈಮೇಲಿನ ಸೀರೆಯತ್ತ ಮೂಗು ಚಾಚಿತು.