ಕ್ಲಚ್ ಒತ್ತುವ ಕಾಲಿನ ಎಲುಬು

ನನ್ನ ಗಂಡ ತಿಯೆನ್-ಲೈ ತೈವಾನಿನ ಪಿಂಗ್ಟುಂಗ್ ಕಡೆಯ ಜಲ್ಲಿ ಲಾರಿ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಅವನ ಬಾಯಲ್ಲಿ ಅಡಿಕೆ ತಪ್ಪಿರಲಿಲ್ಲ. ಹಸಿ ಅಡಿಕೆಗೆ ಸುಣ್ಣ ಬಳಿದು, ಎಲೆ ಸುತ್ತಿ, ಡಬ್ಬಿ ತುಂಬಿಸಿ ಕೊಡುತ್ತಿದ್ದವಳು ನಾನೇ. ಅಗಿಯದಿದ್ದರೆ ಸ್ಟೇರಿಂಗ್ ಮೇಲೇ ನಿದ್ದೆ ಬರುತ್ತದೆ ಎನ್ನುತ್ತಿದ್ದ. ನಾನೂ ನಂಬಿದ್ದೆ.

ಹೋದ ವರ್ಷ ಎಡಗೆನ್ನೆಯೊಳಗೆ ಹುಣ್ಣಾಯಿತು. ಇಲ್ಲಿನ ಡ್ರೈವರುಗಳು ಮಾಡುವುದನ್ನೇ ಇವನೂ ಮಾಡಿದ. ಬಲಗಡೆ ಅಗಿಯತೊಡಗಿದ.

"ಎಡಗಡೆಗೆ ರಜೆ ಕೊಟ್ಟಿದೀನಿ," ಅಂದ.

ರಜೆ ಹತ್ತು ತಿಂಗಳು ನಡೆಯಿತು. ಅಷ್ಟರಲ್ಲಿ ಕ್ಯಾನ್ಸರ್ ದವಡೆಯ ಎಲುಬಿಗೆ ಇಳಿದಿತ್ತು. ದವಡೆಯ ಆ ಭಾಗ ತೆಗೆದು, ಎಡಗಾಲಿನ ಎಲುಬು ತಂದು ಕೂರಿಸಬೇಕು ಎಂದರು ಡಾಕ್ಟರು. ತಿಯೆನ್-ಲೈ ಒಪ್ಪಿಗೆ ಕಾಗದಕ್ಕೆ ರುಜು ಹಾಕದೆ ಎದ್ದು ಬಂದ. ಕಾಗದ ನಾನು ಎತ್ತಿಕೊಂಡು ಬಂದೆ.

"ಎಡಗಾಲು ಕೊಟ್ಬಿಟ್ಟು ಕ್ಲಚ್ ಯಾವುದರಲ್ಲಿ ಒತ್ತಲಿ? ಮೂಗಲ್ಲಾ?"

"ಹೆಣಕ್ಕೆ ಲಾರಿ ಯಾಕೆ ಬೇಕು?" ಅಂದೆ. ಜಗಳಕ್ಕೂ ನನ್ನಲ್ಲಿ ತ್ರಾಣ ಇರಲಿಲ್ಲ. ಆಸ್ಪತ್ರೆ, ಮನೆ, ಆಸ್ಪತ್ರೆ ಎಂದು ತಿರುಗಿ ಸಾಕಾಗಿ ಹೋಗಿತ್ತು.

ಭಾನುವಾರ ಹುವೊ-ವಾಂಗ್ ಬಂದ. ಇವನ ಹಳೆಯ ಜೊತೆಗಾರ ಡ್ರೈವರ್. ಮೂರು ವರ್ಷದ ಹಿಂದೆ ಎಡಗಾಲಿನ ಎಲುಬು ಕೊಟ್ಟು ಇದೇ ಆಪರೇಷನ್ ಮಾಡಿಸಿಕೊಂಡವನು.

"ಅತ್ತಿಗೆ, ಗಂಜಿ ಇದ್ರೆ ಕೊಡಿ. ಗಟ್ಟಿ ಪದಾರ್ಥ ನನಗಾಗಲ್ಲ," ಎನ್ನುತ್ತ ಕೂತ.

"ನೋವಾಗಲ್ಲ ಅಂತ ಹೇಳೋಕೆ ಬಂದ್ಯಾ?" ತಿಯೆನ್-ಲೈ ಮುಖ ಸಿಂಡರಿಸಿದ.

"ಆಗ್ತದೆ ಕಣೋ. ಮೂಗಿನ ಕೊಳವೇಲಿ ಊಟ. ಮಾತು ತೊದಲ್ತದೆ. ಸುಸ್ತು ಅಂದ್ರೆ ಸುಸ್ತು. ಆದ್ರೆ ಕಾಲು ಹೋಗಲ್ಲ. ಮೊಣಕಾಲಿನ ಕೆಳಗೆ ಎರಡು ಎಲುಬು. ಭಾರ ಹೊರೋದು ದಪ್ಪದ್ದು. ತೆಗೆಯೋದು ಸಣ್ಣದರ ಒಂದು ತುಂಡು."

"ಸ್ಟೀಲ್ ಪಟ್ಟಿ ಹಾಕಿದ್ರೆ ಸಾಲದಾ?"

"ಬರೀ ಪಟ್ಟಿ ಹಾಕಿದ್ರೆ ಕೆಲವರಿಗೆ ಚರ್ಮ ಹರಿದು ಆಚೆ ಬರ್ತದೆ. ಎಲುಬಾದ್ರೆ ಚರ್ಮ, ರಕ್ತನಾಳ ಸಮೇತ ತಂದು, ಕತ್ತಿನ ನಾಳಕ್ಕೆ ಹೊಲೀತಾರೆ. ರಕ್ತ ಹರಿದ್ರೆ ಅದು ಅಲ್ಲೇ ಜೀವ ಹಿಡೀತದೆ. ಒಂದೇ ತಾಪತ್ರಯ, ಕಾಲಿನ ಚರ್ಮ ನೋಡು, ಬಾಯೊಳಗೆ ಕೂದಲು ಬೆಳೀತದೆ. ನನ್ನ ಹೆಂಡ್ತಿ ಕತ್ತರಿ ಹಿಡ್ಕೊಂಡು ಕೂರ್ತಾಳೆ."

ತಿಯೆನ್-ಲೈ ನಕ್ಕ. ಎಷ್ಟೋ ವಾರಗಳಾಗಿತ್ತು ಅವನು ನಕ್ಕು.

"ಕ್ಲಚ್ಚು?"

ಹುವೊ-ವಾಂಗ್ ಎದ್ದ. ಗೋಡೆಯ ಮೊಳೆಯಿಂದ ಲಾರಿಯ ಕೀಲಿ ತೆಗೆದು, ಲಾರಿ ಹತ್ತಿ, ರಸ್ತೆಯ ತಿರುವಿನವರೆಗೆ ಹೋಗಿ, ರಿವರ್ಸಿನಲ್ಲೇ ವಾಪಸು ತಂದು ನಿಲ್ಲಿಸಿದ. ತಿಯೆನ್-ಲೈ ಇಳಿದು ಬಂದವನ ಎಡಗಾಲನ್ನೇ ನೋಡುತ್ತಿದ್ದ.

"ಆ ಕಾಗದ ಎಲ್ಲಿ?" ಎಂದು ನನ್ನನ್ನು ಕೇಳಿದ.

ಆಪರೇಷನ್ ಹನ್ನೊಂದು ಗಂಟೆ ಹಿಡಿಯಿತು. ಹೊಸ ಚರ್ಮದ ಬಣ್ಣ ಕೆಟ್ಟಿಲ್ಲವಷ್ಟೇ ಎಂದು ನರ್ಸುಗಳು ಗಂಟೆಗೊಮ್ಮೆ ಬಂದು ನೋಡಿದರು. ಕೆಡಲಿಲ್ಲ. ಈಗ ಕೋಲು ಹಿಡಿದು ಅಂಗಳ ಸುತ್ತುತ್ತಾನೆ. ಅಡಿಕೆ ಬಿಟ್ಟಿದ್ದಾನೆ. ಅವನ ಮಾತು ಅರ್ಧ ನನಗೆ ತಿಳಿಯುವುದಿಲ್ಲ. ಗಂಜಿಗೆ ಉಪ್ಪಿಲ್ಲ ಎಂದು ಬೈಯುವುದು ಮಾತ್ರ ತಿಳಿಯುತ್ತದೆ.

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಅಡಿಕೆ, ತಂಬಾಕು ಅಗಿಯುವವರಿದ್ದರೆ ಬಿಡಿಸಿ. ಇವತ್ತೇ ಟಾರ್ಚ್ ಹಿಡಿದು ಅವರ ಬಾಯೊಳಗೆ ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಅಗಲಿಸಿದ ಬಾಯಿಗೆ ಒಂದರ ಮೇಲೊಂದಿಟ್ಟ ಮೂರು ಬೆರಳು ಹಿಡಿಯದಿದ್ದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೈದರೆ ಬೈಸಿಕೊಳ್ಳಿ. ಬೈಯಲು ಅವರಿಗೆ ಬಾಯಿ ಉಳಿಯಲಿ.