ಬಾಗಿಲ ಹೊರಗಿನ ಕ್ಯಾಮೆರಾ

ಸಂಕಲನಕಾರ ಚಹಾದ ಲೋಟವನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು, ಪರದೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ ನಾಯಕನನ್ನು ನೋಡಿ ಮುಖ ಸಿಂಡರಿಸಿದ. ಮತ್ತೆ ಆಸ್ಪತ್ರೆ, ಮತ್ತೆ ಮುಚ್ಚಿದ ಬಾಗಿಲು, ಒಳಗಿನಿಂದ ಒಂದು ಕಿರುಚಾಟ, ಹೊರಗೆ ಅಪ್ಪನಾಗಲಿರುವವನ ಒದ್ದೆ ಕಣ್ಣು. ಇಷ್ಟು ವರ್ಷ ಅವನು ಕತ್ತರಿಸಿ ಜೋಡಿಸಿದ ಹೆರಿಗೆಗಳಲ್ಲೆಲ್ಲ ಹೆರುವವಳ ಮುಖವೇ ಇರಲಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಗೊಣಗಿಕೊಂಡೇ ಅವನು ಕೆಲಸ ಮುಗಿಸುತ್ತಿದ್ದ.

ಹೇಳುವವರು ಬೇರೆಯಾದರೆ ತಾನೆ ಕಥೆ ಬೇರೆಯಾಗುವುದು? ನಿರ್ಮಾಪಕರ ಅಳಿಯನೇ ನಿರ್ದೇಶಕ, ಮಗನೇ ಕಥೆಗಾರ. ಪ್ರತಿ ಸಿನಿಮಾದಲ್ಲೂ ಜನರನ್ನು ಅಳಿಸುತ್ತಾನೆಂದು ಈ ಕಥೆಗಾರನಿಗೆ ‘ಕಣ್ಣೀರಣ್ಣ’ ಎಂದೇ ಹೆಸರು. ಕ್ಯಾಮೆರಾ ಹಿಡಿದವನು ಅವನ ಚಿಕ್ಕಪ್ಪನ ಮಗ. ಕಥೆಯ ಚರ್ಚೆಯೆಲ್ಲ ಅವರ ಮನೆಯ ಊಟದ ಮೇಜಿನಲ್ಲೇ ಮುಗಿಯುತ್ತಿತ್ತು. ಹೊರಗಿನವಳೆಂದರೆ ಸಹನಿರ್ದೇಶಕಿ ಒಬ್ಬಳೇ, ಎರಡು ಮಕ್ಕಳ ತಾಯಿ.

ನಿರ್ದೇಶಕನಿಗೆ ಜ್ವರ ಬಂದ ದಿನ ಅವಳು ಕ್ಯಾಮೆರಾವನ್ನು ಹೆರಿಗೆ ಕೋಣೆಯ ಒಳಗೇ ಇಡಿಸಿದ್ದಳು. ಅಲ್ಲಿ ನಾಯಕಿ ನೋವಿನ ನಡುವೆ ನರ್ಸನ್ನು ಬೈಯುತ್ತಾಳೆ, ಒಲೆ ಆರಿಸಿದೆನೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುತ್ತಾಳೆ, ಇದ್ದಕ್ಕಿದ್ದಂತೆ ನಗುತ್ತಾಳೆ. ಅದನ್ನು ಮೊದಲ ಸಲ ನೋಡಿದಾಗ ಸಂಕಲನಕಾರನ ಕೈ ತಾನಾಗಿಯೇ ನಿಂತಿತ್ತು.

“ಥೂ, ಅಸಹ್ಯ! ಕಿತ್ತು ಹಾಕಿ ಅದನ್ನ,” ಎಂದ ಈಗ ಪಕ್ಕದಲ್ಲಿ ಕುಳಿತು ಅದನ್ನು ನೋಡಿದ ಕಣ್ಣೀರಣ್ಣ.

“ಹೆರೋದು ಅಸಹ್ಯನಾ ಸರ್?” ಗೋಡೆಗೊರಗಿ ನಿಂತಿದ್ದ ಸಹನಿರ್ದೇಶಕಿ ಕೇಳಿದಳು. “ಇದು ಹೋದ್ರೆ ಈ ಸಿನಿಮಾದಲ್ಲಿ ನಾನು ಮಾಡಿದ್ದು ಅಂತ ಏನೂ ಉಳಿಯಲ್ಲ.”

ನಿರ್ದೇಶಕ ದನಿ ತಗ್ಗಿಸಿದ. “ನೋಡಮ್ಮ, ನಿಂದು ತಪ್ಪು ಅಂತಲ್ಲ. ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಇದು. ಜನ ಎದ್ದು ಹೋದ್ರೆ ನಾಳೆ ನಮ್ಮನ್ನ ಯಾರು ಕೇಳ್ತಾರೆ? ಅವರಿಗೆ ಅಭ್ಯಾಸ ಆಗಿರೋದನ್ನೇ ಕೊಡೋಣ. ಹೊರಗಿಂದೇ ಹಾಕಿ.”

ಸಂಕಲನಕಾರ ಹೊರಗಿನ ದೃಶ್ಯ ಜೋಡಿಸಿ, ಸಂಜೆ ಎಲ್ಲರನ್ನೂ ಕರೆದು ತೋರಿಸಿದ. ನಿರ್ದೇಶಕ ಕಣ್ಣೊರೆಸಿಕೊಂಡ.

“ಈ ಸಲ ನಮ್ಮ ಹೀರೋ ಏನ್ ಮಾಡಿದಾನೆ ರೀ! ಸಿನಿಮಾ ಅಂದ್ರೆ ಇದು.”

“ಇದು ಈ ಸಲದ್ದಲ್ಲ ಸರ್,” ಎಂದ ಸಂಕಲನಕಾರ. “ಹೋದ ಸಿನಿಮಾದ್ದು. ಅದೇ ಹೀರೋ, ಅದೇ ಆಸ್ಪತ್ರೆ. ಪೂರ್ತಿ ಅಲ್ಲಿಂದಲೇ ಎತ್ತಿ ಹಾಕಿದೀನಿ.”

ನಿರ್ದೇಶಕನ ಮುಖ ಇಂಗು ತಿಂದ ಮಂಗನಂತಾಯಿತು. ಕಣ್ಣೀರಣ್ಣ ಮಾತ್ರ ತೊಡೆ ತಟ್ಟಿ ಹಲ್ಲು ಕಿರಿದ. “ಗೊತ್ತೇ ಆಗ್ಲಿಲ್ಲ ನೋಡಿ ಭಾವ! ಇನ್ಮೇಲೆ ಶೂಟಿಂಗೇ ಬೇಡ ಬಿಡಿ!”

ಯಾರೂ ನಗಲಿಲ್ಲ. ಬರೆದವನಿಗೇ ತನ್ನ ಬರಹದ ಗುರುತು ಸಿಗಲಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಇದಕ್ಕಿಂತ ಹೇಸಿಗೆ ಬೇರೇನಿದೆ!

“ಇದಕ್ಕೆ ನಾನು ಅತ್ತೆನಲ್ಲ ರೀ,” ಎಂದ ನಿರ್ದೇಶಕ, ಬಾಯಲ್ಲಿ ಹಳಸಿದ ತುತ್ತು ಸಿಕ್ಕಿದವನಂತೆ. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, “ಅವಳದ್ದು ಹಾಕಿ,” ಎಂದ.

ಒಳಗಿನ ದೃಶ್ಯ ಓಡಿತು. ನಾಯಕಿ ಬೈದಳು, ಒಲೆಯ ಚಿಂತೆ ಮಾಡಿದಳು, ನಕ್ಕಳು. ಕಣ್ಣೀರಣ್ಣ ಫೋನು ನೋಡುತ್ತ ಕುಳಿತ. ಮುಗಿದ ಮೇಲೆ ನಿರ್ದೇಶಕ ಹಿಂದೆ ನಿಂತಿದ್ದ ಸಹನಿರ್ದೇಶಕಿಯತ್ತ ತಿರುಗಿದ.

“ಅಲ್ಲಮ್ಮ, ಅಷ್ಟು ನೋವಲ್ಲಿ ಅವಳು ಯಾಕೆ ನಕ್ಕಳು?”

ಆ ಕೋಣೆಯಲ್ಲಿ ಅವಳನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಸಹನಿರ್ದೇಶಕಿ ಒಂದು ಕುರ್ಚಿ ಎಳೆದು, ಭಾವ ಮೈದುನರ ನಡುವೆ ಹಾಕಿಕೊಂಡು ಕುಳಿತಳು.

“ಹೇಳ್ತೀನಿ ಸರ್,” ಎಂದಳು.